ಟ್ರೈಲರ್‌ನಲ್ಲಿ ಮೋಟಾರ್ ಸೈಕಲ್ ಸಾಗಣೆ: ಭದ್ರವಾಗಿ ಕಟ್ಟುವ ಕ್ರಮ

(ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ವಾಹನ ಚಾಲಕರು, ಸ್ವಸಹಾಯ ಸಂಘಗಳ ಚಾಲಕಿಯರು, ನೀರುಗಂಟಿಗಳು ಹಾಗೂ ಟ್ರ್ಯಾಕ್ಟರ್ ಹೊಂದಿರುವ ರೈತರ ಅಧ್ಯಯನಕ್ಕಾಗಿ)

ಕಬ್ಬು ಕಡಿಯುವ ತಿಂಗಳುಗಳಲ್ಲಿ ಪಾಂಡವಪುರದ ಸಕ್ಕರೆ ಕಾರ್ಖಾನೆಗೋ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆಗೋ ಕಬ್ಬು ಇಳಿಸಿ ಮರಳುವ ಖಾಲಿ ಟ್ರೈಲರ್‌ನಲ್ಲಿ ಒಮ್ಮೊಮ್ಮೆ ಬೈಕೊಂದು ಊರಿಗೆ ಬರುವುದುಂಟು. ಅದು ದಾರಿಯಲ್ಲಿ ಕೆಟ್ಟುನಿಂತದ್ದಿರಬಹುದು, ಗ್ಯಾರೇಜಿನಿಂದ ಬಿಡಿಸಿಕೊಂಡದ್ದಿರಬಹುದು, ಮೈಸೂರಿನಲ್ಲಿ ಕೊಂಡ ಹಳೆಯ ಗಾಡಿಯೂ ಆಗಿರಬಹುದು. ಪರಿಚಯದ ಟ್ರ್ಯಾಕ್ಟರ್ ಊರ ಕಡೆಗೇ ಹೊರಟಿರುವಾಗ ಬೇರೆ ವಾಹನಕ್ಕೆ ಬಾಡಿಗೆ ಕೊಡಲು ಯಾರೂ ಇಷ್ಟಪಡರು. ನಾಲ್ಕು ಜನ ಸೇರಿ ಬೈಕನ್ನು ಎತ್ತಿ ಟ್ರೈಲರ್‌ಗೆ ಹಾಕುತ್ತಾರೆ. ಪಕ್ಕದ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹ್ಯಾಂಡಲ್‌ಗೆ ಒಂದು ಸುತ್ತು ಪ್ಲಾಸ್ಟಿಕ್ ಹಗ್ಗ ಬಿಗಿಯುತ್ತಾರೆ. ಅಷ್ಟು ಸಾಲದೆಂದು ತೋರಿದರೆ ಬೈಕಿನ ಮಾಲೀಕನೋ ಅವನ ಮಗನೋ ಟ್ರೈಲರ್ ಹತ್ತಿ, ದಾರಿಯುದ್ದಕ್ಕೂ ಬೈಕನ್ನು ಹಿಡಿದು ನಿಲ್ಲುತ್ತಾನೆ.

ಈ ಪಾಠ ಮುಖ್ಯವಾಗಿ ಆ ಹಿಡಿದು ನಿಲ್ಲುವ ಮನುಷ್ಯನನ್ನು ಕುರಿತದ್ದು. ಬೈಕನ್ನು ಸರಿಯಾಗಿ ಕಟ್ಟಿದಲ್ಲಿ ಅವನು ಅಲ್ಲಿರಬೇಕಾದ ಅಗತ್ಯವೇ ಇರುವುದಿಲ್ಲ. ಸರಿಯಾಗಿ ಕಟ್ಟದಿದ್ದಲ್ಲಿ ಅವನು ಅಲ್ಲಿದ್ದೂ ಪ್ರಯೋಜನವಿಲ್ಲ.

ಪ್ರಯೋಜನವಿಲ್ಲವೆಂಬುದು ಸುಲಭದ ಲೆಕ್ಕದಿಂದ ತಿಳಿಯುತ್ತದೆ. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ ಹೀರೊ ಸ್ಪ್ಲೆಂಡರ್‌ನಂತಹ ಬೈಕಿನ ತೂಕ ಸುಮಾರು 112 ಕೆ.ಜಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವ ವಾಹನಕ್ಕೆ ಎಮ್ಮೆಯೊಂದು ಅಡ್ಡಬಂದು, ಚಾಲಕನು ಬ್ರೇಕ್ ಒತ್ತಿದ ನಂತರ ಐದು ಮೀಟರಿನೊಳಗೆ ವಾಹನ ನಿಂತಿತೆಂದುಕೊಳ್ಳೋಣ. ಆ ಒಂದೆರಡು ಕ್ಷಣ ಬೈಕು ಮುಂದಕ್ಕೆ ತಳ್ಳುವ ಬಲ ಸುಮಾರು 80 ಕೆ.ಜಿ. ಭಾರಕ್ಕೆ ಸಮ. ಬೈಕನ್ನು ಹಿಡಿದವನ ದೇಹವೂ ಅದೇ ಕ್ಷಣದಲ್ಲಿ ಮುಂದಕ್ಕೆ ಬೀಳುತ್ತಿರುತ್ತದೆ. ತಾನೇ ಬೀಳುತ್ತಿರುವವನು 80 ಕೆ.ಜಿ. ಭಾರವನ್ನು ತಡೆಯಲಾರ. ಬೈಕು ಅವನ ಮೇಲೆ ಬೀಳುತ್ತದೆ, ಇಲ್ಲವೆ ಅವನನ್ನೂ ಎಳೆದುಕೊಂಡು ಪಕ್ಕದ ಹಲಗೆಯ ಆಚೆಗೆ ಹೋಗುತ್ತದೆ.

ಸರಕು ಕಟ್ಟುವ ಬಗೆಗೆ ಯೂರೋಪಿನ ದೇಶಗಳು ಅನುಸರಿಸುವ ಮಾನದಂಡದಲ್ಲಿಯೂ ಇಂಥದ್ದೇ ಲೆಕ್ಕವಿದೆ. ಸರಕಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನು ಮುಂದಕ್ಕೂ, ಅರ್ಧದಷ್ಟು ಬಲವನ್ನು ಹಿಂದಕ್ಕೂ ಎರಡೂ ಪಕ್ಕಗಳಿಗೂ ತಡೆಯುವಂತೆ ಕಟ್ಟಬೇಕೆಂಬುದು ಅದರ ತಿರುಳು. ಸ್ಪ್ಲೆಂಡರ್‌ಗೆ ಇದನ್ನು ಅನ್ವಯಿಸಿದರೆ ಮುಂದಕ್ಕೆ 90 ಕೆ.ಜಿ., ಉಳಿದ ಮೂರು ದಿಕ್ಕುಗಳಿಗೆ 56 ಕೆ.ಜಿ. ಆಗುತ್ತದೆ. 195 ಕೆ.ಜಿ. ತೂಗುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಆದರೆ ಮುಂದಕ್ಕೇ 156 ಕೆ.ಜಿ. ಇವು ಸಮತಟ್ಟಾದ ರಸ್ತೆಯ ಲೆಕ್ಕಗಳು. ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ಇದಕ್ಕೆ ಮತ್ತೊಂದು ಬಲ ಸೇರುತ್ತದೆ.

ಖಾಲಿ ಟ್ರೈಲರ್ ಕುಪ್ಪಳಿಸುವ ಬಗೆ

ಹಲವು ಟನ್ ಕಬ್ಬಿನ ಭಾರಕ್ಕೆ ತಕ್ಕಂತೆ ಮಾಡಿದ ಟ್ರೈಲರ್‌ನ ಪಟ್ಟಿಗಳು ಬಹಳ ಗಡಸಾಗಿರುತ್ತವೆ. ಕೆಲವು ಟ್ರೈಲರ್‌ಗಳಿಗೆ ಪಟ್ಟಿಯೇ ಇರುವುದಿಲ್ಲ, ಅಚ್ಚು ನೇರವಾಗಿ ಚೌಕಟ್ಟಿಗೆ ಕೂಡಿರುತ್ತದೆ. ಭಾರ ತುಂಬಿದಾಗ ನಿಧಾನವಾಗಿ ತೂಗುವ ಈ ವಾಹನ ಖಾಲಿಯಾದಾಗ ಪ್ರತಿಯೊಂದು ಹಂಪ್ ಮತ್ತು ಹಳ್ಳಕ್ಕೂ ಎಗರುತ್ತದೆ. ಒಂದು ಬೈಕಿನ ತೂಕ ಅದಕ್ಕೆ ಲೆಕ್ಕಕ್ಕಿಲ್ಲ. ಹೀಗಾಗಿ ಹಲಗೆಯ ಮೇಲಿರುವ ಬೈಕು ಪಕ್ಕಕ್ಕೆ ವಾಲುವ ಮುನ್ನವೇ ಮೇಲಕ್ಕೆ ನೆಗೆಯುತ್ತದೆ.

ಹುಲ್ಲಿನ ಹೊರೆ ಕಟ್ಟುವುದರಲ್ಲಿ ಈ ಭಾಗದ ರೈತರನ್ನು ಮೀರಿಸುವವರಿಲ್ಲ. ಆದರೆ ಆ ಜ್ಞಾನವನ್ನು ಬೈಕಿಗೆ ಹಾಗೆಯೇ ಅನ್ವಯಿಸುವುದು ತಪ್ಪಿಗೆ ದಾರಿಯಾಗುತ್ತದೆ. ಹುಲ್ಲು ಒಮ್ಮೆ ಅಮುಕಿದರೆ ಅಮುಕಿದಂತೆಯೇ ಇರುತ್ತದೆ. ಬೈಕಿಗೆ ಮುಂದೆಯೂ ಹಿಂದೆಯೂ ಸ್ಪ್ರಿಂಗುಗಳಿವೆ. ಟ್ರೈಲರ್ ಎಗರಿ ಕೆಳಗಿಳಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಆ ಗಳಿಗೆಯಲ್ಲಿ ಕಟ್ಟಿದ ಹಗ್ಗ ಸಡಿಲವಾಗುತ್ತದೆ, ಕೊಕ್ಕೆ ಕಳಚುತ್ತದೆ. ಮರುಗಳಿಗೆ ಸ್ಪ್ರಿಂಗ್ ಮೇಲೆದ್ದಾಗ ಬೈಕನ್ನು ತಡೆಯುವುದು ಏನೂ ಉಳಿದಿರುವುದಿಲ್ಲ. ಆದುದರಿಂದ ಬೈಕನ್ನು ಪಕ್ಕದ ಹಲಗೆಗೆ ಒರಗಿಸಿ ಸುತ್ತು ಹಾಕುವುದು ಕಟ್ಟಿದಂತಾಗುವುದಿಲ್ಲ. ಸ್ಪ್ರಿಂಗುಗಳು ಮೊದಲೇ ಸ್ವಲ್ಪ ಕುಗ್ಗಿರುವಂತೆ ಬೈಕನ್ನು ಕೆಳಕ್ಕೆ, ಟ್ರೈಲರ್‌ನ ನೆಲಕ್ಕೆ ಎಳೆದು ಕಟ್ಟತಕ್ಕದ್ದು. ಮುಂದೆ ಹೇಳಿರುವ ಕ್ರಮವೆಲ್ಲ ಈ ಒಂದು ಮಾತನ್ನು ಆಧರಿಸಿದೆ.

ಹತ್ತಿಸುವ ಮುನ್ನ

ಟ್ರೈಲರ್‌ನ ನೆಲವನ್ನು ಗುಡಿಸತಕ್ಕದ್ದು. ಕಬ್ಬಿನ ಒಣಗಿದ ಸೋಗೆ, ಭತ್ತದ ಹುಲ್ಲು, ತೆಂಗಿನ ಗರಿಯ ಚೂರು ಇವು ಚಕ್ರದ ಅಡಿಯಲ್ಲಿ ಜಾರುತ್ತವೆ. ಬೈಕಿಗೆ ಪೆಟ್ಟಾಗದಿರಲೆಂದು ಹುಲ್ಲು ಹಾಸುವ ರೂಢಿಯೂ ಕೆಲವೆಡೆ ಇದೆ. ಟ್ಯಾಂಕಿನ ಮುಚ್ಚಳದಿಂದಲೋ ಕಾರ್ಬ್ಯುರೇಟರಿನಿಂದಲೋ ಜಿನುಗಿದ ಪೆಟ್ರೋಲ್ ಆ ಹುಲ್ಲಿಗೆ ಇಳಿದರೆ ಒಂದು ಬೀಡಿಯ ಕಿಡಿ ಸಾಕು. ಮೆತ್ತೆ ಬೇಕೆನಿಸಿದಲ್ಲಿ ಖಾಲಿ ಗೋಣಿಚೀಲವನ್ನು ಎರಡು ಮಡಿಕೆ ಮಾಡಿ ಚಕ್ರದಡಿಗೆ ಹಾಕಬಹುದು. ಅದು ಜಾರುವುದನ್ನೂ ತಡೆಯುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಕಡಿಮೆಯಿದ್ದರೆ ಅಷ್ಟು ಒಳ್ಳೆಯದು. ರೈಲಿನ ಪಾರ್ಸಲ್‌ನಲ್ಲಿ ಬೈಕ್ ಕಳುಹಿಸುವವರಿಗೆ ಟ್ಯಾಂಕ್ ಖಾಲಿ ಮಾಡಿಕೊಂಡು ಬರಲು ಹೇಳುವುದು ಇದೇ ಕಾರಣಕ್ಕೆ. ಹತ್ತಿರದ ಊರಿಗೆ ಒಯ್ಯುವಾಗ ಪೂರ್ತಿ ಬರಿದು ಮಾಡಬೇಕಾಗಿಲ್ಲ, ಆದರೆ ತುಂಬಿದ ಟ್ಯಾಂಕಿನೊಂದಿಗೆ ಒಯ್ಯಕೂಡದು. ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪೆಟ್ರೋಲ್ ಕಾಕ್ ಇದ್ದಲ್ಲಿ ಅದನ್ನು ಮುಚ್ಚತಕ್ಕದ್ದು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಕ್ ಇರುವುದಿಲ್ಲ, ಕೀಲಿ ತೆಗೆದರೆ ಸಾಕು. ಯಾವ ಬೈಕನ್ನೂ ಮಲಗಿಸಿ ಒಯ್ಯಕೂಡದು. ಮಲಗಿದ ಬೈಕು ಬೀಳುವುದಿಲ್ಲವೆಂಬುದು ನಿಜ, ಆದರೆ ಪೆಟ್ರೋಲ್, ಎಂಜಿನ್ ಆಯಿಲ್, ಕೆಲವು ಬ್ಯಾಟರಿಗಳ ಆಸಿಡ್ ಮೂರೂ ಹೊರಗೆ ಬರುತ್ತವೆ.

ಕನ್ನಡಿಗಳನ್ನು ಬಿಚ್ಚಿಡುವುದು ಐದು ನಿಮಿಷದ ಕೆಲಸ. ಹಗ್ಗ ಸಿಕ್ಕಿಕೊಂಡು ಮುರಿಯುವ ಮೊದಲ ವಸ್ತು ಕನ್ನಡಿ.

ಹತ್ತಿಸುವಾಗ ಎಂಜಿನ್ ಚಾಲೂ ಮಾಡಿ ಹಲಗೆಯ ಮೇಲೆ ಓಡಿಸಿಕೊಂಡು ಹೋಗುವ ಸಾಹಸವನ್ನು ಯುವಕರು ಮಾಡುತ್ತಾರೆ. ಇದನ್ನು ಯಾವ ಸಂದರ್ಭದಲ್ಲಿಯೂ ಅನುಮತಿಸಕೂಡದು. ಟ್ರೈಲರ್‌ನ ನೆಲ ಮೂರು ಅಡಿ, ಅಂದರೆ ಸುಮಾರು 90 ಸೆಂ.ಮೀ. ಎತ್ತರದಲ್ಲಿದ್ದು, ಹಲಗೆಯ ಉದ್ದ ಆರು ಅಡಿ ಮಾತ್ರ ಇದ್ದರೆ 112 ಕೆ.ಜಿ.ಯ ಬೈಕನ್ನು ಮೇಲಕ್ಕೆ ತಳ್ಳಲು 56 ಕೆ.ಜಿ. ಬಲ ಬೇಕು. ಹತ್ತು ಅಡಿಯ ಹಲಗೆಯಾದರೆ 34 ಕೆ.ಜಿ. ಸಾಕು. ಇಬ್ಬರಿಗೆ ಅದು ಕಷ್ಟವಲ್ಲ. ಹಲಗೆ ದೊರೆಯದಲ್ಲಿ ಗದ್ದೆಯ ಬದು, ಕೆರೆಯ ಏರಿಯ ಇಳಿಜಾರು ಅಥವಾ ಮಣ್ಣಿನ ದಿಬ್ಬಕ್ಕೆ ಟ್ರೈಲರ್‌ನ ಹಿಂಬದಿಯನ್ನು ತಾಗಿಸಿ ನಿಲ್ಲಿಸಿದರೆ ಎತ್ತರದ ತೊಂದರೆ ಅರ್ಧಕ್ಕರ್ಧ ನೀಗುತ್ತದೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಅಂತಹ ಜಾಗಕ್ಕೆ ಕೊರತೆಯಿಲ್ಲ. ನಾಲೆಯ ಏರಿಯನ್ನು ಮಾತ್ರ ಇದಕ್ಕೆ ಬಳಸಕೂಡದು. ವಿಶ್ವೇಶ್ವರಯ್ಯ ನಾಲೆಯಾಗಲಿ ಹೇಮಾವತಿ ನಾಲೆಯಾಗಲಿ, ಏರಿಯ ಮೇಲೆ ಹಿಮ್ಮುಖವಾಗಿ ಚಲಿಸುವ ಟ್ರೈಲರ್ ಯಾವ ಕಡೆಗೆ ತಿರುಗುವುದೆಂದು ಅನುಭವಿ ಚಾಲಕನಿಗೂ ಹೇಳಲಾಗದು.

ಒಬ್ಬರು ಬೈಕಿನ ಎಡಗಡೆ ನಿಂತು ಹ್ಯಾಂಡಲ್ ಮತ್ತು ಮುಂದಿನ ಬ್ರೇಕ್ ಹಿಡಿಯತಕ್ಕದ್ದು, ಮತ್ತೊಬ್ಬರು ಸೀಟಿನ ಹಿಂದಿನ ಹಿಡಿಕೆಯಿಂದ ತಳ್ಳತಕ್ಕದ್ದು. ತಳ್ಳುವವರು ಚಕ್ರದ ನೇರ ಹಿಂದೆ ನಿಲ್ಲದೆ ಸ್ವಲ್ಪ ಪಕ್ಕಕ್ಕೆ ನಿಲ್ಲಬೇಕು. ಟ್ರ್ಯಾಕ್ಟರಿನ ಬ್ರೇಕ್ ಹಾಕಿ, ಟ್ರೈಲರ್‌ನ ಚಕ್ರಗಳಿಗೆ ಕಲ್ಲು ಕೊಟ್ಟಿರಬೇಕು.

ಕಟ್ಟುವುದು

ಬೈಕನ್ನು ಟ್ರೈಲರ್‌ನ ಉದ್ದಕ್ಕೆ ನೇರವಾಗಿ, ಅಗಲದ ನಡುವೆ, ಮುಂದಿನ ಚಕ್ರ ಮುಂಬದಿಯ ಹಲಗೆಗೆ ಒತ್ತಿ ನಿಲ್ಲುವಂತೆ ಇರಿಸತಕ್ಕದ್ದು. ಎರಡು ಚಕ್ರದ ಟ್ರೈಲರ್ ಆದಲ್ಲಿ ಇದಕ್ಕೆ ಮತ್ತೊಂದು ಕಾರಣವಿದೆ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಮೂಕಿ ಮೇಲಕ್ಕೆದ್ದು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಮುಂದಿನ ಚಕ್ರದ ಎರಡೂ ಪಕ್ಕಗಳಿಗೆ ಮರಳು ತುಂಬಿದ ಚೀಲವೊಂದೊಂದನ್ನು ಒತ್ತಿ ಇಟ್ಟರೆ ಚಕ್ರ ಅತ್ತಿತ್ತ ಹೊರಳುವುದಿಲ್ಲ. ಇಟ್ಟಿಗೆಯನ್ನು ಬಳಸಕೂಡದು, ಎರಡನೆಯ ಹಂಪಿಗೆ ಅದು ಪುಡಿಯಾಗಿರುತ್ತದೆ.

ಸ್ಟ್ಯಾಂಡ್ ಎರಡನ್ನೂ ಮಡಚಿ, ಬೈಕನ್ನು ತನ್ನ ಎರಡು ಚಕ್ರಗಳ ಮೇಲೆಯೇ ನಿಲ್ಲಿಸಿ ಕಟ್ಟತಕ್ಕದ್ದು. ಇದು ಹಲವರಿಗೆ ವಿಚಿತ್ರವಾಗಿ ಕಾಣುತ್ತದೆ. ನಡುವಿನ ಸ್ಟ್ಯಾಂಡ್ ನಿಂತ ಗಾಡಿಗಾಗಿ ಮಾಡಿದ್ದು. ಎಗರುವ ಟ್ರೈಲರ್‌ನಲ್ಲಿ ಬೈಕು ಒಮ್ಮೆ ಮುಂದಕ್ಕೆ ತಳ್ಳಲ್ಪಟ್ಟರೆ ಅದು ಸ್ಟ್ಯಾಂಡಿನಿಂದ ಇಳಿದುಬಿಡುತ್ತದೆ, ಹಗ್ಗಗಳೆಲ್ಲ ಒಮ್ಮೆಲೇ ಸಡಿಲವಾಗುತ್ತವೆ. ಪಕ್ಕದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಕ್ಕೆ ಎಳೆದು ಕಟ್ಟಿದರೆ ಪೂರ್ತಿ ಬಲ ಆ ಒಂದು ಕೊಳವೆಯ ಮೇಲೆ ಬಿದ್ದು ಅದರ ಬೆಸುಗೆ ಬಿಡುತ್ತದೆ. ಬೈಕನ್ನು ಮೊದಲ ಗೇರಿಗೆ ಹಾಕಿ, ಹ್ಯಾಂಡಲ್ ನೇರವಾಗಿಟ್ಟು, ಹ್ಯಾಂಡಲ್ ಲಾಕ್ ಹಾಕದೆ ಬಿಡತಕ್ಕದ್ದು. ಲಾಕ್ ಹಾಕಬೇಕಾದರೆ ಹ್ಯಾಂಡಲ್ ಒಂದು ಕಡೆಗೆ ತಿರುಗಬೇಕಾಗುತ್ತದೆ, ಆಗ ಎರಡು ಬದಿಯ ಹಗ್ಗಗಳೂ ಸಮನಾಗಿ ಎಳೆಯಲಾರವು.

ಹಗ್ಗಗಳು ಕನಿಷ್ಠ ನಾಲ್ಕು ಬೇಕು: ಮುಂದೆ ಎರಡು, ಹಿಂದೆ ಎರಡು. ಪ್ರತಿಯೊಂದೂ ಬೈಕಿನ ಇಡೀ ತೂಕದ ಎರಡು ಪಟ್ಟನ್ನಾದರೂ ಒಂಟಿಯಾಗಿ ತಾಳುವಂತಿರಬೇಕು. ಅಂಗಡಿಗಳಲ್ಲಿ ದೊರೆಯುವ ರ್ಯಾಚೆಟ್ ಬೆಲ್ಟ್ ಇದಕ್ಕೆ ಎಲ್ಲಕ್ಕಿಂತ ಉತ್ತಮ. ಅದು ತಾಳುವ ಭಾರವನ್ನು ಬೆಲ್ಟಿಗೆ ಹೊಲಿದ ಚೀಟಿಯಲ್ಲಿ ಬರೆದಿರುತ್ತಾರೆ, ಚೀಟಿಯೇ ಇಲ್ಲದ್ದನ್ನು ಕೊಳ್ಳಕೂಡದು. ಗ್ರಾಮ ಪಂಚಾಯಿತಿಯ ವಾಹನದಲ್ಲಿ ಇಂತಹ ನಾಲ್ಕು ಬೆಲ್ಟುಗಳಿದ್ದರೆ ಬೈಕಿಗಷ್ಟೇ ಅಲ್ಲ, ಪಂಪು, ಮೋಟಾರು, ನೀರಿನ ಟ್ಯಾಂಕು ಸಾಗಿಸುವಾಗಲೂ ಒದಗುತ್ತವೆ. ಬೆಲ್ಟ್ ಇಲ್ಲದಾಗ ಸವೆಯದ ಹುರಿಹಗ್ಗವನ್ನು ಬಳಸಬಹುದು. ನೈಲಾನ್ ಹಗ್ಗ ಗಟ್ಟಿಯೇನೋ ಹೌದು, ಆದರೆ ಹಿಗ್ಗುತ್ತದೆ. ಆದುದರಿಂದ ದಾರಿಯಲ್ಲಿ ಮತ್ತೆ ಮತ್ತೆ ಬಿಗಿಗೊಳಿಸಬೇಕಾಗುತ್ತದೆ. ಸೈಕಲ್ ಟ್ಯೂಬ್ ಸೀಳಿ ಮಾಡಿದ ರಬ್ಬರ್ ಪಟ್ಟಿಯಿಂದ ಕಟ್ಟಿದ ಬೈಕನ್ನು ಕಟ್ಟದ ಬೈಕೆಂದೇ ತಿಳಿಯತಕ್ಕದ್ದು. ಹಗ್ಗದ ನಡುವೆ ಕೋಲು ತೂರಿಸಿ ತಿರುಚಿ ಬಿಗಿಗೊಳಿಸುವ ಪದ್ಧತಿಯಲ್ಲಿ ಕೋಲು ಕೈಜಾರಿದರೆ ಗಿರ್ರನೆ ಹಿಂದಿರುಗಿ ಮುಖಕ್ಕೆ ಬಡಿಯುತ್ತದೆ. ಅದನ್ನು ಬಿಡುವುದೇ ಲೇಸು.

ಮುಂದಿನ ಎರಡು ಹಗ್ಗಗಳನ್ನು ಹ್ಯಾಂಡಲ್‌ನ ತುದಿಗಳಿಗೆ ಕಟ್ಟುವುದು ಸಾಮಾನ್ಯ ತಪ್ಪು. ಹ್ಯಾಂಡಲ್ ಬಾಗುತ್ತದೆ, ಕ್ಲಚ್ ಮತ್ತು ಬ್ರೇಕ್ ಕೇಬಲ್‌ಗಳು ನಜ್ಜಾಗುತ್ತವೆ. ಹ್ಯಾಂಡಲ್ ಕೆಳಗೆ, ಎರಡು ಫೋರ್ಕುಗಳನ್ನು ಕೂಡಿಸುವ ಕೆಳಗಿನ ಕಬ್ಬಿಣದ ಪಟ್ಟಿಯ ಮೇಲ್ಭಾಗದಲ್ಲಿ ಬಟ್ಟೆಯ ಕುಣಿಕೆಯೊಂದನ್ನು ತೂರಿಸಿ ಅದಕ್ಕೆ ಬೆಲ್ಟಿನ ಕೊಕ್ಕೆ ಹಾಕತಕ್ಕದ್ದು. ಅಲ್ಲಿಂದ ಹಗ್ಗ ಮುಂದಕ್ಕೂ ಹೊರಕ್ಕೂ ಕೆಳಕ್ಕೂ ಇಳಿದು, ಟ್ರೈಲರ್‌ನ ನೆಲದ ಮಟ್ಟದ ಕೊಂಡಿಗೆ ಸೇರಬೇಕು. ನೆಲಕ್ಕೂ ಹಗ್ಗಕ್ಕೂ ನಡುವಿನ ಕೋನ ಲಂಬಕೋನದ ಅರ್ಧದಷ್ಟಿದ್ದರೆ ಸರಿ. ಹಗ್ಗ ತೀರ ನೆಟ್ಟಗಿದ್ದರೆ ಬೈಕು ಪಕ್ಕಕ್ಕೆ ವಾಲುತ್ತದೆ, ತೀರ ಅಡ್ಡವಾಗಿದ್ದರೆ ಕೆಳಕ್ಕೆ ಎಳೆಯುವುದಿಲ್ಲ. ಪಕ್ಕದ ಹಲಗೆಯ ಮೇಲಂಚಿಗೆ ಕಟ್ಟಕೂಡದು. ಆ ಹಲಗೆಗಳು ತೆಗೆದು ಹಾಕುವಂಥವು, ಅವುಗಳ ಅಗುಳಿ ಕಬ್ಬಿನ ಒತ್ತಡಕ್ಕೆ ಮೊದಲೇ ಸಡಿಲವಾಗಿರುತ್ತದೆ. ನೆಲದಲ್ಲಿ ಕೊಂಡಿಗಳಿಲ್ಲದ ಟ್ರೈಲರ್‌ಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟಿಗೆ ಸೇರಿಸಿ ನಾಲ್ಕು ಕೊಂಡಿ ಬೆಸೆಸಿಕೊಂಡರೆ ಶಾಶ್ವತ ಅನುಕೂಲವಾಗುತ್ತದೆ.

ಎಡಗಡೆಯ ಹಗ್ಗವನ್ನು ಸ್ವಲ್ಪ, ಬಲಗಡೆಯದನ್ನು ಸ್ವಲ್ಪ, ಹೀಗೆ ಸರದಿಯಂತೆ ಬಿಗಿಯುತ್ತ ಹೋದಂತೆ ಮುಂದಿನ ಫೋರ್ಕ್ ಕುಗ್ಗುವುದು ಕಾಣುತ್ತದೆ. ಈ ವೇಳೆ ಒಬ್ಬರು ಬೈಕನ್ನು ನೇರವಾಗಿ ಹಿಡಿದಿರಬೇಕು. ವಾಹನ ನಿಂತಿರುವಾಗ ಹಿಡಿಯುವ ಕೈಗೆ ಕೆಲಸವಿರುವುದು ಇಲ್ಲಿ ಮಾತ್ರ. ಫೋರ್ಕ್ ಕುಗ್ಗಬಲ್ಲ ದೂರದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಕುಗ್ಗಿದರೆ ನಿಲ್ಲಿಸತಕ್ಕದ್ದು. ಅದಕ್ಕಿಂತ ಹೆಚ್ಚು ಎಳೆದರೆ ಫೋರ್ಕಿನ ಆಯಿಲ್ ಸೀಲ್ ಹೋಗುತ್ತದೆ, ರಿಪೇರಿಯ ಖರ್ಚು ಉಳಿಸಿದ ಬಾಡಿಗೆಗಿಂತ ಹೆಚ್ಚಾಗುತ್ತದೆ. ಬಳಿಕ ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್‌ಗೆ ಸೇರಿಸಿ ಬಟ್ಟೆಯ ಪಟ್ಟಿಯಿಂದ ಸುತ್ತಬೇಕು.

ಹಿಂದಿನ ಹಗ್ಗಗಳು ಬೈಕಿನ ಚೌಕಟ್ಟಿನಿಂದ, ಅಥವಾ ಚೌಕಟ್ಟಿಗೆ ಬೋಲ್ಟ್ ಹಾಕಿರುವ ಸೀಟಿನ ಹಿಂದಿನ ಗಟ್ಟಿ ಹಿಡಿಕೆಯಿಂದ ಹಿಂದಕ್ಕೂ ಹೊರಕ್ಕೂ ಇಳಿಯಬೇಕು. ಹಾಲಿನ ಕ್ಯಾನಿಗೆಂದು ಹಾಕಿಸಿದ ಕ್ಯಾರಿಯರ್, ಸೈಲೆನ್ಸರ್, ಸೀರೆಗಾರ್ಡ್ ಇವಾವುದಕ್ಕೂ ಕಟ್ಟಕೂಡದು. ಹಿಂದಿನ ಚಕ್ರವನ್ನು ಐದನೆಯ ಹಗ್ಗದಿಂದ ಅಡ್ಡವಾಗಿ ಎರಡು ಬದಿಗೂ ಕಟ್ಟಿದರೆ ಬಾಲ ಹೊರಳುವುದಿಲ್ಲ. ಬೆಲ್ಟುಗಳ ಉಳಿದ ತುದಿ ಗಾಳಿಗೆ ಹಾರಾಡದಂತೆ, ಟ್ರೈಲರ್ ಚಕ್ರಕ್ಕೆ ಸಿಲುಕದಂತೆ ಗಂಟುಹಾಕಿ ಒಳಗೆ ಸಿಕ್ಕಿಸತಕ್ಕದ್ದು.

ಕಟ್ಟಿ ಮುಗಿದ ಮೇಲೆ ಪರೀಕ್ಷೆ ಸುಲಭ. ಸೀಟನ್ನು ಹಿಡಿದು ಜೋರಾಗಿ ಅಲುಗಾಡಿಸಿದಾಗ ಬೈಕು ಮಾತ್ರ ಅಲುಗಿದರೆ ಕಟ್ಟು ಸಾಲದು, ಬೈಕಿನೊಂದಿಗೆ ಟ್ರೈಲರ್ ಕೂಡ ಅಲುಗಿದರೆ ಸರಿಯಾಗಿದೆ.

ಸ್ಕೂಟರ್ ಮತ್ತು ಮೊಪೆಡ್

ಟಿವಿಎಸ್ ಎಕ್ಸ್ಎಲ್ ಕಟ್ಟುವುದು ಎಲ್ಲಕ್ಕಿಂತ ಸುಲಭ. ಚೌಕಟ್ಟು ಹೊರಗೇ ಕಾಣುತ್ತದೆ, ತೂಕವೂ 90 ಕೆ.ಜಿ.ಯೊಳಗೆ. ಸ್ಕೂಟರ್‌ಗಳಲ್ಲಿ ಚೌಕಟ್ಟನ್ನೆಲ್ಲ ಪ್ಲಾಸ್ಟಿಕ್ ಮುಚ್ಚಿರುವುದರಿಂದ ಹ್ಯಾಂಡಲ್ ಕೆಳಗಿನ ಕವಚದ ಮೇಲೆ ಹಗ್ಗ ಹಾಕಿದರೆ ಅದು ಸೀಳುತ್ತದೆ. ಮುಂದಿನ ಚಕ್ರದ ಮೇಲಿನ ಫೋರ್ಕಿಗೆ ಕುಣಿಕೆ ಹಾಕಿ, ಹಿಂದೆ ಹಿಡಿಕೆಗೆ ಕಟ್ಟಿ, ಕಾಲಿಡುವ ಜಾಗದ ಮೇಲೆ ಗೋಣಿಚೀಲ ಹಾಸಿ ಒಂದು ಅಡ್ಡ ಬೆಲ್ಟ್ ಬಿಗಿಯತಕ್ಕದ್ದು. ಸ್ಕೂಟರ್‌ಗೆ ಗೇರು ಇಲ್ಲದ ಕಾರಣ ಎರಡೂ ಬ್ರೇಕ್ ಲಿವರ್‌ಗಳನ್ನು ಸುತ್ತಬೇಕಾಗುತ್ತದೆ. ವಿದ್ಯುತ್ ಸ್ಕೂಟರ್ ಆದಲ್ಲಿ ಕೀಲಿ ತೆಗೆದು, ಬ್ಯಾಟರಿ ತೆಗೆಯುವಂತಹದ್ದಾದರೆ ಅದನ್ನು ಬೇರೆಯಾಗಿ ಒಯ್ಯುವುದು ಒಳಿತು.

ದಾರಿಯಲ್ಲಿ

ಹೊರಟ ಮೇಲೆ ಮೊದಲ ಮೂರು ನಾಲ್ಕು ಕಿಲೋಮೀಟರಿನೊಳಗೆ ಒಮ್ಮೆ ನಿಲ್ಲಿಸಿ ಹಗ್ಗಗಳನ್ನು ಮುಟ್ಟಿ ನೋಡತಕ್ಕದ್ದು. ಸಡಿಲವಾಗುವುದಿದ್ದರೆ ಹೆಚ್ಚಾಗಿ ಅಷ್ಟರೊಳಗೇ ಆಗುತ್ತದೆ. ಕಿಕ್ಕೇರಿಯಿಂದ ಕೃಷ್ಣರಾಜಪೇಟೆಗೋ, ನಾಗಮಂಗಲದಿಂದ ಪಾಂಡವಪುರಕ್ಕೋ ಹೋಗುವಾಗ ಪ್ರತಿ ಊರಿನ ಮುಂದೆಯೂ ಹಂಪ್ ಇರುತ್ತದೆ. ಅಲ್ಲಿ ನಡಿಗೆಯ ವೇಗಕ್ಕೆ ಇಳಿಸುವುದನ್ನು ಯಾವ ಬೆಲ್ಟೂ ತಪ್ಪಿಸಲಾರದು. ಕತ್ತಲೆಯಲ್ಲಿ ಒಯ್ಯುವಾಗ ಟ್ರೈಲರ್‌ನ ಹಿಂಬದಿಯ ಕೆಂಪು ಪ್ರತಿಫಲಕ ಪಟ್ಟಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಹಿಂಬದಿಯ ಬಾಗಿಲು ಮುಚ್ಚಲಾಗದಂತೆ ಬೈಕಿನ ಚಕ್ರ ಹೊರಗೆ ಚಾಚಿರುವುದು ಸಣ್ಣ ವಿಷಯವೆಂದು ತೋರಬಹುದು. ಸರಕು ಮಿತಿ ಮೀರಿ ವಾಹನದ ಹೊರಕ್ಕೆ ಚಾಚಿದ್ದರೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 194(1ಎ) ಕಲಮಿನನ್ವಯ ಅದು ಪ್ರತ್ಯೇಕ ಅಪರಾಧವಾಗುತ್ತದೆ.

ಶ್ರೀರಂಗಪಟ್ಟಣದ ಮೂಲಕ ಮಂಡ್ಯ ಅಥವಾ ಮೈಸೂರಿನ ಕಡೆಗೆ ಸಾಗುವವರು ಮತ್ತೊಂದನ್ನು ಗಮನಿಸತಕ್ಕದ್ದು. ಬೆಂಗಳೂರು–ಮೈಸೂರು ರಾಷ್ಟ್ರೀಯ ಹೆದ್ದಾರಿ 275ರ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳ ಸಂಚಾರವನ್ನು ನಿಷೇಧಿಸಲಾಗಿದೆ. ಟ್ರೈಲರ್ ಇರಲಿ, ಇಲ್ಲದಿರಲಿ, ಟ್ರ್ಯಾಕ್ಟರ್ ಸರ್ವಿಸ್ ರಸ್ತೆಯಲ್ಲೇ ಸಾಗಬೇಕು. ಮೂರು ಚಕ್ರದ ಗೂಡ್ಸ್ ಆಟೋಗೂ ಇದೇ ಅನ್ವಯಿಸುತ್ತದೆ.

ಟ್ರೈಲರ್‌ನಲ್ಲಿ ಮನುಷ್ಯ

ಕಟ್ಟು ಎಷ್ಟೇ ಭದ್ರವಾಗಿರಲಿ, ಬೈಕಿನ ಜೊತೆಗೆ ಯಾರಾದರೂ ಇರಲೆಂಬ ಆಸೆ ಹೋಗುವುದಿಲ್ಲ. ಕೃಷಿ ಟ್ರ್ಯಾಕ್ಟರಿನಲ್ಲಿ ಚಾಲಕನಿಗೆ ಮಾತ್ರ ಆಸನವಿದೆ. ಮಡ್‌ಗಾರ್ಡ್ ಆಸನವಲ್ಲ, ಟ್ರೈಲರ್ ಸರಕಿಗೆ ಮಾತ್ರ. ಸರಕು ವಾಹನದಲ್ಲಿ ಬಾಡಿಗೆಯಿಲ್ಲದೆ ಕರೆದೊಯ್ದ ಪ್ರಯಾಣಿಕರಿಗೆ ಪರಿಹಾರ ನೀಡುವ ಹೊಣೆ ವಿಮಾ ಕಂಪನಿಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ನ್ಯೂ ಇಂಡಿಯಾ ಅಶೂರೆನ್ಸ್ ವಿರುದ್ಧ ಆಶಾ ರಾಣಿ ಪ್ರಕರಣದಲ್ಲಿ 2002ರಲ್ಲಿ ತೀರ್ಪು ನೀಡಿದೆ. ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯಿಂದ ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿಗೆ ವಿಮೆಯ ರಕ್ಷಣೆ ಇದೆಯೆಂಬುದು ನಿಜ. ಆದರೆ ಅದು ನಾಲ್ಕು ಚಕ್ರದ ಸರಕು ವಾಹನದ ಕ್ಯಾಬಿನ್‌ನಲ್ಲಿ ಕುಳಿತವನಿಗೆ ಒದಗಬಹುದೇ ಹೊರತು, ಟ್ರೈಲರ್‌ನಲ್ಲಿ ಬೈಕ್ ಹಿಡಿದು ನಿಂತವನಿಗೆ ಒದಗುವುದೆಂದು ನಂಬಿ ಕುಳಿತುಕೊಳ್ಳುವಂತಿಲ್ಲ. ಉಪಕಾರಕ್ಕೆಂದು ಟ್ರ್ಯಾಕ್ಟರ್ ಕೊಟ್ಟವನು ಅಪಘಾತದ ನಂತರ ಪರಿಹಾರದ ಮೊತ್ತವನ್ನು ಸ್ವಂತ ಜೇಬಿನಿಂದ, ಇಲ್ಲವೆ ಜಮೀನು ಮಾರಿ ಭರಿಸಬೇಕಾದ ಸ್ಥಿತಿ ಹೀಗೆಯೇ ಬರುತ್ತದೆ. ಬೈಕಿನ ಮಾಲೀಕ ಬಸ್ಸಿನಲ್ಲೋ ಮತ್ತೊಬ್ಬರ ಬೈಕಿನಲ್ಲೋ ಹಿಂದೆ ಬರತಕ್ಕದ್ದು. ಟ್ರ್ಯಾಕ್ಟರಿನ ಹಿಂದೆ ಬರುವವನಿಗೆ ಹಗ್ಗ ಸಡಿಲವಾದದ್ದು ಚಾಲಕನಿಗಿಂತ ಮೊದಲು ಕಾಣುತ್ತದೆ ಎಂಬ ಲಾಭವೂ ಇದರಲ್ಲಿದೆ. ಬೈಕಿನ ನೋಂದಣಿ ಪತ್ರದ ಪ್ರತಿ ಚಾಲಕನ ಬಳಿ ಇರಲಿ. ಪೊಲೀಸರು ತಡೆದು ಗಾಡಿ ಯಾರದೆಂದು ಕೇಳಿದಾಗ ವಾದಕ್ಕೆ ಎಡೆಯಿರುವುದಿಲ್ಲ.

ಇಳಿಸುವುದು

ತಲುಪಿದ ಕೂಡಲೇ ಎಲ್ಲ ಹಗ್ಗಗಳನ್ನೂ ಒಟ್ಟಿಗೆ ಬಿಚ್ಚಕೂಡದು. ಟ್ರೈಲರ್ ಸಮತಟ್ಟಾದ ಜಾಗದಲ್ಲಿ ನಿಂತು ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆ, ಒಬ್ಬರು ಬೈಕಿನ ಎಡಗಡೆ ನಿಂತು ಹಿಡಿದುಕೊಂಡಿರುವಾಗ ಮೊದಲು ಹಿಂದಿನ ಹಗ್ಗಗಳನ್ನು, ನಂತರ ಮುಂದಿನ ಬಲಗಡೆಯದನ್ನು ನಿಧಾನವಾಗಿ ಸಡಿಲಿಸಬೇಕು. ರ್ಯಾಚೆಟ್ ಒಮ್ಮೆಲೇ ಬಿಟ್ಟರೆ ಕುಗ್ಗಿದ ಫೋರ್ಕ್ ಎಗರಿ ಹ್ಯಾಂಡಲ್ ಎದೆಗೆ ಬಡಿಯುತ್ತದೆ. ಎಡಗಡೆಯ ಹಗ್ಗ ಕೊನೆಯದು, ಅದನ್ನು ಬಿಚ್ಚುವ ಮುನ್ನ ಪಕ್ಕದ ಸ್ಟ್ಯಾಂಡ್ ಇಳಿಸಿರಬೇಕು. ಹಲಗೆಯ ಮೇಲೆ ಬೈಕನ್ನು ಹಿಮ್ಮುಖವಾಗಿ, ಎಂಜಿನ್ ಬಂದ್ ಇದ್ದು ಗೇರ್ ಹಾಕಿದ ಸ್ಥಿತಿಯಲ್ಲಿ, ಕ್ಲಚ್ಚನ್ನು ಬಿಟ್ಟು ಬಿಟ್ಟು ಹಿಡಿಯುತ್ತ ಇಳಿಸಿದರೆ ಹಿಂದಿನ ಚಕ್ರವೇ ಬ್ರೇಕಿನಂತೆ ತಡೆಯುತ್ತದೆ. ಕೆಳಗಿಳಿಸಿದ ನಂತರ ಫೋರ್ಕಿನ ಬುಡದಲ್ಲಿ ಆಯಿಲ್ ಜಿನುಗಿದೆಯೇ, ಬ್ರೇಕ್ ಲಿವರ್ ಸುತ್ತಿದ ಬಟ್ಟೆ ತೆಗೆಯಲಾಗಿದೆಯೇ ಎಂದು ನೋಡತಕ್ಕದ್ದು. ಪೆಟ್ರೋಲಿನ ವಾಸನೆ ಬಂದಲ್ಲಿ ಎಂಜಿನ್ ಚಾಲೂ ಮಾಡದೆ, ವಾಸನೆ ಎಲ್ಲಿಂದ ಬರುತ್ತಿದೆಯೆಂದು ತಿಳಿಯುವವರೆಗೆ ಬೈಕನ್ನು ಬಯಲಿನಲ್ಲಿಯೇ ನಿಲ್ಲಿಸಿರಬೇಕು.